ಅಕ್ಕಿಯೊಳಗಿನ ಕಲ್ಲು

ಕಥೆ ಕೇಳಿದವನು ಕಥೆ ಹೇಳಿದವನಿಗೆ ಏನನ್ನಾದರೂ ಕೊಡಬೇಕೆಂಬ ವಿಷಯದಲ್ಲಿ ಲೋಕದಲ್ಲಿ ಎರಡು ಮಾತಿಲ್ಲ. ಏನನ್ನು ಕೊಡಬೇಕು, ಎಷ್ಟು ಕೊಡಬೇಕು ಎಂಬಲ್ಲಿ ಮಾತ್ರ ವಾದ. ಹರಿಕಥೆಯ ದಾಸರು ಕಥೆಯ ನಡುವೆ ಮಂಗಳಾರತಿಯ ತಟ್ಟೆಯನ್ನು ಸಭೆಯಲ್ಲಿ ತಿರುಗಿಸುತ್ತಿದ್ದರು. ಮನಸ್ಸಿದ್ದವರು ಕಾಸು ಹಾಕಿದರು. ಇಲ್ಲದವರು ಆರತಿಯನ್ನು ಕಣ್ಣಿಗೊತ್ತಿಕೊಂಡು ತಟ್ಟೆಯನ್ನು ಪಕ್ಕದವರತ್ತ ಸರಿಸಿದರು. ದಾಸರು ಯಾರನ್ನೂ ಕಳ್ಳರೆನ್ನಲಿಲ್ಲ. ಅಮೆರಿಕದ ಟೆಲಿವಿಷನ್ನಿನಲ್ಲಿಯೂ ಒಂದು ತಟ್ಟೆ ತಿರುಗುತ್ತದೆ. ಅದಕ್ಕೆ ಬೀಳಬೇಕಾದುದು ಕಾಸಲ್ಲ, ನೋಡುವವನ ಗಮನ. ಆ ತಟ್ಟೆಯ ಹೆಸರು ಜಾಹೀರಾತು.

ಈ ತಟ್ಟೆಯನ್ನು ಮೊದಲು ತಿರುಗಿಸಿದ್ದು 1941ರ ಜುಲೈ 1ರಂದು. ನ್ಯೂಯಾರ್ಕಿನ ಡಬ್ಲ್ಯೂಎನ್‌ಬಿಟಿ ಕೇಂದ್ರವು ಬೇಸ್‌ಬಾಲ್ ಪಂದ್ಯವೊಂದನ್ನು ತೋರಿಸುವ ಮುನ್ನ, ತೆರೆಯ ಮೇಲೆ ಗಡಿಯಾರದ ಮುಖವೊಂದನ್ನು ಕೆಲವು ಕ್ಷಣ ನಿಲ್ಲಿಸಿತು. ಅದರ ಮೇಲೆ ಬುಲೋವಾ ಎಂಬ ಕೈಗಡಿಯಾರದ ಕಂಪೆನಿಯ ಹೆಸರಿತ್ತು. ಮೊತ್ತಮೊದಲ ಜಾಹೀರಾತು ಗಡಿಯಾರದ್ದೇ ಆದುದು ಕೇವಲ ಆಕಸ್ಮಿಕವಿರಬಹುದು. ಆದರೆ ಅಂದಿನಿಂದ ಇಂದಿನವರೆಗೆ ಆ ವ್ಯಾಪಾರದಲ್ಲಿ ಕೈ ಬದಲಾಯಿಸುತ್ತ ಬಂದಿರುವ ಸರಕು ಕಾಲವೇ ಎಂಬುದರಲ್ಲಿ ಸಂದೇಹವಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಅಲ್ಪವಾದ ಸರಕೇನೂ ಅಲ್ಲ. ಈ ಶತಮಾನದ ಆರಂಭದ ವೇಳೆಗೆ ಅಮೆರಿಕದ ಅರ್ಧಗಂಟೆಯ ಧಾರಾವಾಹಿಯಲ್ಲಿ ಕಥೆ ಇರುತ್ತಿದ್ದುದು ಸುಮಾರು 22 ನಿಮಿಷ. ಮಿಕ್ಕ ಎಂಟು ನಿಮಿಷ ಸಾಬೂನಿಗೆ, ಮೋಟಾರಿಗೆ, ತಲೆನೋವಿನ ಮಾತ್ರೆಗೆ ಮೀಸಲು. ಸಂಜೆಗೆ ಎರಡು ಗಂಟೆ ನೋಡುವ ಸಾಧಾರಣ ಗೃಹಸ್ಥನು ಹೀಗೆ ದಿನಕ್ಕೆ 32 ನಿಮಿಷವನ್ನೂ, ವರ್ಷಕ್ಕೆ 194 ಗಂಟೆಗಳಿಗೂ ಮಿಕ್ಕ ಕಾಲವನ್ನೂ ತಟ್ಟೆಗೆ ಹಾಕುತ್ತಾನೆ; ಎಂದರೆ ಹಗಲೂ ರಾತ್ರಿಯೂ ಸೇರಿ ಪೂರ್ತಿ ಎಂಟು ದಿನ. ಮಗನ ಮದುವೆಗೆಂದು ಕಛೇರಿಯಲ್ಲಿ ಎಂಟು ದಿನದ ರಜೆ ಕೇಳಿ ನೋಡಿದವರಿಗೆ ಅದರ ಬೆಲೆ ಗೊತ್ತು.

ಗೃಹಸ್ಥನ ಕೈಗೆ ಮೊದಲ ಆಯುಧ ಬಂದದ್ದು 1975ರಲ್ಲಿ. ಆ ವರ್ಷ ಸೋನಿ ಕಂಪೆನಿಯು ಬೀಟಾಮ್ಯಾಕ್ಸ್ ಎಂಬ ಮುದ್ರಣಯಂತ್ರವನ್ನು ಹೊರತಂದಿತು. ಬರುತ್ತಿರುವ ಕಾರ್ಯಕ್ರಮವನ್ನು ಟೇಪಿನ ಮೇಲೆ ಹಿಡಿದಿಟ್ಟು ಬೇಕಾದಾಗ ನೋಡಬಹುದಾಯಿತು. ಮರುವರ್ಷವೇ ಯೂನಿವರ್ಸಲ್, ಡಿಸ್ನಿ ಸಂಸ್ಥೆಗಳು ನ್ಯಾಯಾಲಯದ ಮೆಟ್ಟಿಲೇರಿದುವು. ಏಳು ವರ್ಷಗಳಿಗೂ ಮಿಕ್ಕ ವ್ಯಾಜ್ಯದ ಮೇಲೆ, 1984ರ ಜನವರಿ 17ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಮನೆಯಲ್ಲಿ ಮುದ್ರಿಸಿಟ್ಟುಕೊಂಡು ನಿಧಾನವಾಗಿ ನೋಡುವುದು ತಪ್ಪಲ್ಲವೆಂದು ತೀರ್ಪಿತ್ತಿತು. ಐವರು ನ್ಯಾಯಾಧೀಶರು ಗೃಹಸ್ಥನ ಕಡೆ, ನಾಲ್ವರು ಎದುರು. ಒಂದು ಮತ ಆಚೆಗೆ ಸರಿದಿದ್ದರೆ ಕೋಟ್ಯಂತರ ಸಭ್ಯ ನಾಗರಿಕರು ಒಂದೇ ಬೆಳಗಿನಲ್ಲಿ ಅಪರಾಧಿಗಳಾಗುತ್ತಿದ್ದರು!

ಆದರೆ ಟೇಪಿನಲ್ಲಿದ್ದ ಜಾಹೀರಾತನ್ನು ಓಡಿಸಬಹುದಾಗಿತ್ತೇ ಹೊರತು ಕಿತ್ತೆಸೆಯುವುದು ಸುಲಭವಿರಲಿಲ್ಲ. ಆ ಭಾಗ್ಯವನ್ನು ಕರುಣಿಸಿದ್ದು ಕಂಪ್ಯೂಟರು. 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬಾತನು ಮಿಥ್‌ಟಿವಿ ಎಂಬ ತಂತ್ರಾಂಶವನ್ನು ಬರೆಯತೊಡಗಿ ಅದನ್ನು ಲೋಕಕ್ಕೆ ಉಚಿತವಾಗಿ ಹಂಚಿದನು. ಕಾಮ್‌ಸ್ಕಿಪ್ ಮೊದಲಾದ ಬೇರೆ ತಂತ್ರಾಂಶಗಳೂ ಬಂದುವು. ಕಾರ್ಯಕ್ರಮವನ್ನು ಇವು ಡಿಸ್ಕಿಗೆ ಇಳಿಸಿಕೊಳ್ಳುವುದಲ್ಲದೆ, ಮೊರದಲ್ಲಿ ಅಕ್ಕಿ ಹರಡಿಕೊಂಡು ಕುಳಿತ ಮುದುಕಿಯ ಹಾಗೆ ಕಲ್ಲು ಯಾವುದೆಂದು ಹುಡುಕಲೂ ಬಲ್ಲುವು.

ಯಂತ್ರಕ್ಕೆ ಕಲ್ಲಿನ ಗುರುತು ಸಿಗುವ ಬಗೆ ಸ್ವಾರಸ್ಯವಾಗಿದೆ. ಒಂದು ಜಾಹೀರಾತು ಮುಗಿದು ಇನ್ನೊಂದು ತೊಡಗುವ ಮುನ್ನ ತೆರೆಯು ಕಣ್ಣು ಮಿಟುಕಿಸುವಷ್ಟು ಹೊತ್ತು ಪೂರ್ತಿ ಕಪ್ಪಾಗುತ್ತದೆ, ಧ್ವನಿಯೂ ಅಡಗುತ್ತದೆ. ಇದು ಮೊದಲ ಗುರುತು. ಕಥೆ ನಡೆಯುವಾಗ ತೆರೆಯ ಮೂಲೆಯಲ್ಲಿರುವ ವಾಹಿನಿಯ ಲಾಂಛನವು ಜಾಹೀರಾತಿನ ಹೊತ್ತಿಗೆ ಸಾಮಾನ್ಯವಾಗಿ ಮಾಯವಾಗುತ್ತದೆ. ಇದು ಎರಡನೆಯದು. ಜಾಹೀರಾತುಗಳು ಬಹುಮಟ್ಟಿಗೆ 15, 30, 60 ಸೆಕೆಂಡುಗಳ ಅಳತೆಯಲ್ಲಿ ಬರುತ್ತವೆ. ಕಥೆಗೆ ಅಂಥ ಶಿಸ್ತಿಲ್ಲ. ಇದು ಮೂರನೆಯದು. ಯಂತ್ರವು ಈ ಮೂರನ್ನೂ ಕೂಡಿಸಿ ಕಳೆದು, ಇಲ್ಲಿಂದ ಇಲ್ಲಿಗೆ ಕಲ್ಲು ಎಂದು ಗೀಟು ಹಾಕುತ್ತದೆ. ಆದರೆ ಕಥೆಯಲ್ಲಿ ಅಮಾವಾಸ್ಯೆಯ ರಾತ್ರಿಯೊಂದು ಬಂದು, ಕಥಾನಾಯಕನು ಉಸಿರು ಬಿಗಿಹಿಡಿದು ಕತ್ತಲಲ್ಲಿ ನಿಂತುಬಿಟ್ಟರೆ ಯಂತ್ರವು ಅವನನ್ನೂ ಸಾಬೂನಿನ ಜೊತೆಗೆ ಹೊರಕ್ಕೆ ಹಾಕುವುದುಂಟು. ಆದುದರಿಂದ ಯಂತ್ರ ಹಾಕಿದ ಗೀಟನ್ನು ಮನುಷ್ಯನು ಮತ್ತೆ ಪರೀಕ್ಷಿಸಲೇಬೇಕು.

ಹಾಗೆ ಪರೀಕ್ಷಿಸಲು ಕುಳಿತ ಗೃಹಸ್ಥನನ್ನು ಓದುಗರು ಮನಸ್ಸಿಗೆ ತಂದುಕೊಳ್ಳಲಿ. ರಾತ್ರಿ ಹತ್ತೂವರೆ. ಹೆಂಡತಿ ಮಕ್ಕಳು ಮಲಗಿದ್ದಾರೆ. ಆತನು ಚಿತ್ರವನ್ನು ಒಂದೊಂದಾಗಿ ಮುಂದೆ ಸರಿಸುತ್ತಾನೆ, ಹಿಂದೆ ಸರಿಸುತ್ತಾನೆ. ಸೆಕೆಂಡಿಗೆ ಸುಮಾರು ಮೂವತ್ತು ಚಿತ್ರಗಳು. ಇಷ್ಟಾದರೂ ಬೇಕಾದ ಕಡೆ ಕತ್ತರಿ ಹಾಕುವಂತಿಲ್ಲ. ಜಾಗ ಉಳಿಸುವ ಸಲುವಾಗಿ ಡಿಸ್ಕಿನಲ್ಲಿ ಎಲ್ಲ ಚಿತ್ರಗಳನ್ನೂ ಪೂರ್ತಿಯಾಗಿ ಬರೆದಿರುವುದಿಲ್ಲ. ದಿನಸಿ ಅಂಗಡಿಯವನ ಲೆಕ್ಕದ ಪುಸ್ತಕದಲ್ಲಿ ಪುಟಕ್ಕೊಮ್ಮೆ ಮೊಬಲಗು ಪೂರ್ತಿ ಇರುತ್ತದೆ, ನಡುವೆ ಬಂದದ್ದು ಹೋದದ್ದು ಮಾತ್ರ ಇರುತ್ತದೆ, ಇದೂ ಹಾಗೆಯೇ. ಸುಮಾರು ಅರ್ಧ ಸೆಕೆಂಡಿಗೊಂದು ಪೂರ್ಣಚಿತ್ರ, ನಡುವಿನವುಗಳಲ್ಲಿ ಬದಲಾದ ಅಂಶ ಮಾತ್ರ. ಪುಟದ ಮಧ್ಯದಲ್ಲಿ ಹರಿದರೆ ಲೆಕ್ಕ ತಪ್ಪುತ್ತದೆ, ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ. ಒಳ್ಳೆಯ ತಂತ್ರಾಂಶವು ಹರಿದೆಡೆಯ ನಾಲ್ಕಾರು ಚಿತ್ರಗಳನ್ನಷ್ಟೇ ಹೊಸದಾಗಿ ಬರೆದು ಗಾಯವನ್ನು ಮುಚ್ಚುತ್ತದೆ. ಎಲ್ಲ ಮುಗಿದಾಗ ಹನ್ನೊಂದೂವರೆ. ಎಂಟು ನಿಮಿಷವನ್ನು ಉಳಿಸಲು ಒಂದು ಗಂಟೆ ವೆಚ್ಚವಾಗಿದೆ!

ಇದರಲ್ಲಿ ಇನ್ನೊಂದು ವಿನೋದವಿದೆ. ಊರಿನವರೆಲ್ಲ ಜಾಹೀರಾತು ಬಂದೊಡನೆ ಅಡಿಗೆಮನೆಗೆ ಹೋಗುತ್ತಾರೆ, ನಾಯಿಯನ್ನು ಹೊರಗೆ ಬಿಡುತ್ತಾರೆ, ಆಕಳಿಸುತ್ತಾರೆ. ಸಾಬೂನಿನ ನೊರೆ ತೆರೆಯ ಮೇಲೆ ಯಾವ ಕ್ಷಣದಲ್ಲಿ ಉಕ್ಕಿತು, ಯಾವ ಕ್ಷಣದಲ್ಲಿ ಅಡಗಿತು ಎಂಬುದನ್ನು ಚಿತ್ರ ಚಿತ್ರವಾಗಿ ಬಲ್ಲವನು ಅದನ್ನು ಕಿತ್ತುಹಾಕಲು ಹೊರಟ ಈ ವೈರಿಯೊಬ್ಬನೇ. ಹಿರಣ್ಯಕಶಿಪುವಿನಂತೆ ದ್ವೇಷದಿಂದಲೇ ಸದಾ ಸ್ಮರಿಸುವ ಇಂಥ ಭಕ್ತನು ಜಾಹೀರಾತಿಗೆ ಬೇರೆ ದೊರೆಯಲಾರನು.

ವ್ಯಾಪಾರಿಗಳಿಗೆ ಮಾತ್ರ ಈ ಭಕ್ತಿ ರುಚಿಸಲಿಲ್ಲ. 2001ರಲ್ಲಿ ರಿಪ್ಲೇಟಿವಿ ಎಂಬ ಯಂತ್ರವು ಮುದ್ರಿಸಿದ ಜಾಹೀರಾತುಗಳನ್ನು ತಾನಾಗಿಯೇ ದಾಟಿಹೋಗುವ ಸೌಲಭ್ಯದೊಡನೆ ಬಂದಾಗ ದೊಡ್ಡ ವಾಹಿನಿಗಳೂ ಚಿತ್ರಸಂಸ್ಥೆಗಳೂ ದಾವೆ ಹೂಡಿದುವು. ದಾವೆ ತೀರ್ಮಾನವಾಗುವ ಮುನ್ನವೇ, 2003ರಲ್ಲಿ, ಯಂತ್ರದ ಕಂಪೆನಿಯು ದಿವಾಳಿಯಾಯಿತು. ಈ ನಡುವೆ 2002ರಲ್ಲಿ ಟರ್ನರ್ ಬ್ರಾಡ್‌ಕಾಸ್ಟಿಂಗ್ ಸಂಸ್ಥೆಯ ಮುಖ್ಯಸ್ಥ ಜೇಮೀ ಕೆಲ್ನರ್, ಜಾಹೀರಾತನ್ನು ಹಾರಿಸಿ ನೋಡುವುದು ಕಳ್ಳತನವೇ ಸರಿ ಎಂದು ಹೇಳಿ, ಬಚ್ಚಲುಮನೆಗೆ ಹೋಗಿಬರಲು ಮಾತ್ರ ಸ್ವಲ್ಪ ರಿಯಾಯಿತಿ ತೋರಿದನು. ವಾರಪತ್ರಿಕೆಯ ಓದುಗನು ಧಾರಾವಾಹಿ ಕಾದಂಬರಿಯ ಪುಟವನ್ನು ಹುಡುಕುತ್ತ ಕೇಶತೈಲದ ಪುಟವನ್ನು ಮಗುಚಿದರೆ ಅವನನ್ನು ಯಾರೂ ಕಳ್ಳನೆನ್ನುವುದಿಲ್ಲ. ಆದರೆ ಎಲ್ಲರೂ ಹಾಗೆಯೇ ಮಗುಚಿದರೆ ಕಾದಂಬರಿಕಾರನಿಗೆ ಸಂಭಾವನೆ ಎಲ್ಲಿಂದ ಬಂದೀತು ಎಂಬ ಪ್ರಶ್ನೆ ಉಳಿಯುವುದೂ ನಿಜ. ಕೆಲ್ನರನ ಮಾತು ಅತಿಯಾದರೂ ಅವನ ಚಿಂತೆ ಸುಳ್ಳಲ್ಲ.

ಹಣದ ಮಾತು ಹಾಗಿರಲಿ. ಕತ್ತರಿಯ ಕೆಳಗೆ ಬೀಳುವ ಬೇರೊಂದು ಸಂಗತಿಯನ್ನು ಗೃಹಸ್ಥನಾಗಲಿ ವ್ಯಾಪಾರಿಯಾಗಲಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಜಾಹೀರಾತಿನ ಎರಡು ನಿಮಿಷದಲ್ಲಿಯೇ ಮನೆಯವರು ತೆರೆಯಿಂದ ಕಣ್ಣು ಕಿತ್ತು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದುದು. ಅಜ್ಜಿ ಕಾಲುನೋವಿನ ಸುದ್ದಿ ತೆಗೆಯುತ್ತಿದ್ದುದು ಆಗ. ಮಗಳು ಶಾಲೆಯಲ್ಲಿ ಬಂದ ಕಡಮೆ ಅಂಕವನ್ನು ಮೆಲ್ಲನೆ ಒಪ್ಪಿಸುತ್ತಿದ್ದುದು ಆಗ. ಕೊಲೆ ಮಾಡಿದವನು ಸೇವಕನೋ ಸೋದರಳಿಯನೋ ಎಂದು ಎಲ್ಲರೂ ಜಗಳವಾಡುತ್ತಿದ್ದುದು ಆಗ. ಕಲ್ಲೆಲ್ಲ ಹೋದ ಮೇಲೆ 22 ನಿಮಿಷದ ಕಥೆ ಎಡೆಬಿಡದೆ ಹರಿಯುತ್ತದೆ. ಯಾರೂ ಮಾತಾಡುವಂತಿಲ್ಲ, ಮಾತಾಡಿದವರನ್ನು ಉಳಿದವರು ಗದರುತ್ತಾರೆ. ಉಳಿದ ಎಂಟು ನಿಮಿಷವನ್ನು ಅಜ್ಜಿಯ ಬಳಿ ಕಳೆಯುವವರಿದ್ದರೆ ಗೃಹಸ್ಥನ ಶ್ರಮ ಸಾರ್ಥಕ. ಆ ಹೊತ್ತಿಗೆ ಇನ್ನೊಂದು ಧಾರಾವಾಹಿ ಹಚ್ಚಿದರೆ?

ಕಲ್ಲಿಗೂ ಒಂದು ಬೆಲೆಯುಂಟೆಂಬುದನ್ನು ಬಹು ವರ್ಷಗಳ ಹಿಂದೆಯೇ ಬಗೆದವಳು ಫಿಲಡೆಲ್ಫಿಯಾ ನಗರದ ಮೇರಿಯನ್ ಸ್ಟೋಕ್ಸ್. ಗ್ರಂಥಪಾಲಕಿಯಾಗಿ ಕೆಲಸ ಮಾಡಿದ್ದ ಈ ಮಹಿಳೆಯು 1970ರ ದಶಕದ ಕೊನೆಯಿಂದ 2012ರಲ್ಲಿ ತೀರಿಕೊಳ್ಳುವವರೆಗೆ, ಮನೆಯಲ್ಲಿ ಹಲವು ಯಂತ್ರಗಳನ್ನಿಟ್ಟುಕೊಂಡು ಹಗಲಿರುಳೂ ಟೆಲಿವಿಷನ್ ಸುದ್ದಿಯನ್ನು ಮುದ್ರಿಸುತ್ತಿದ್ದಳು. ಟೇಪುಗಳು ಸುಮಾರು 70,000 ಆದುವು. ಅವುಗಳಲ್ಲಿ ಜಾಹೀರಾತೂ ಹಾಗೆಯೇ ಉಳಿದಿದೆ. ಅವಳ ತರುವಾಯ ಆ ರಾಶಿ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಗೆ ಸೇರಿತು. ಒಂದು ಕಾಲದ ಜನರು ಏನನ್ನು ಕುಡಿಯಲು ಆಸೆಪಟ್ಟರು, ಯಾವ ರೋಗಕ್ಕೆ ಹೆದರಿದರು, ಗೃಹಿಣಿಯೆಂದರೆ ಹೇಗಿರಬೇಕೆಂದು ಭ್ರಮಿಸಿದರು ಎಂಬುದಕ್ಕೆ ಸುದ್ದಿಗಿಂತ ಜಾಹೀರಾತೇ ಪ್ರಾಮಾಣಿಕವಾದ ಸಾಕ್ಷಿ. ಸುದ್ದಿಯು ಮಂತ್ರಿಗಳು ಆಡಿದ ಮಾತನ್ನು ಹೇಳಿದರೆ, ಜಾಹೀರಾತು ಜನರ ಆಸೆಯನ್ನು ಹೇಳುತ್ತದೆ. ಇಂಥ ಕಡತದಲ್ಲಿ ಇತಿಹಾಸಕಾರನು ಅಕ್ಕಿಯನ್ನು ಬದಿಗೊತ್ತಿ ಕಲ್ಲನ್ನೇ ಆರಿಸಿಕೊಂಡರೂ ಆಶ್ಚರ್ಯವಿಲ್ಲ.

ಇಂದು ಗೃಹಸ್ಥನ ಕಸಬನ್ನು ಕಂಪೆನಿಗಳೇ ವಹಿಸಿಕೊಂಡಿವೆ. 2022ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ಜಾಹೀರಾತು ಸಹಿತವಾದ ಅಗ್ಗದ ಚಂದಾವನ್ನು ಆರಂಭಿಸಿತು; ಜಾಹೀರಾತು ಬೇಡವೆನ್ನುವವರು ಹೆಚ್ಚು ಹಣ ತೆರಬೇಕು. ಕಲ್ಲನ್ನು ಬೆರೆಸುವವನೂ ಆರಿಸಿಕೊಡುವವನೂ ಒಬ್ಬನೇ ಆಗಿದ್ದಾನೆ. ಆದರೂ ತನ್ನ ಡಿಸ್ಕಿನಲ್ಲಿ ತನ್ನ ಕೈಯಿಂದಲೇ ಆರಿಸುವವರು ಇಂದಿಗೂ ಇದ್ದಾರೆ. ಅವರ ತಂತ್ರಾಂಶಗಳಲ್ಲಿ ಒಂದು ವಿವೇಕದ ದಾರಿಯಿದೆ: ಜಾಹೀರಾತನ್ನು ಅಳಿಸದೆ, ಅದು ಎಲ್ಲಿಂದ ಎಲ್ಲಿಗೆ ಇದೆಯೆಂಬ ಪಟ್ಟಿಯೊಂದನ್ನು ಮಾತ್ರ ಬರೆದಿಡಬಹುದು. ನೋಡುವಾಗ ಯಂತ್ರವು ಆ ಪಟ್ಟಿಯಂತೆ ಹಾರಿಕೊಂಡು ಹೋಗುತ್ತದೆ, ಮೂಲಕ್ಕೆ ಚ್ಯುತಿಯಿಲ್ಲ. ಡಿಸ್ಕಿನಲ್ಲಿ ಜಾಗ ತುಸು ಹೆಚ್ಚು ಬೇಕಾದೀತು, ಅಷ್ಟೆ. ಅನುಭವಸ್ಥೆಯಾದ ಗೃಹಿಣಿಯು ಆರಿಸಿದ ಕಲ್ಲನ್ನು ಆಗಿಂದಾಗಲೇ ಹಿತ್ತಲಿಗೆ ಎಸೆಯುವುದಿಲ್ಲ. ಮೊರದ ಅಂಚಿನಲ್ಲಿ ಸೇರಿಸಿಟ್ಟು, ಅದರೊಡನೆ ಅಕ್ಕಿಯ ಕಾಳು ಹೋಗಿದೆಯೇ ಎಂದು ಇನ್ನೊಮ್ಮೆ ಬೆರಳಾಡಿಸಿ ನೋಡಿ, ಆಮೇಲೆಯೇ ಚೆಲ್ಲುತ್ತಾಳೆ.