ಅಪ್ಪಯ್ಯನ ಪೈಪು ಮತ್ತು ನಮ್ಮೂರ ಮಳೆ

ಜೂನ್ ಎರಡನೇ ವಾರದ ಹೊತ್ತಿಗೆ ನಮ್ಮನೆಯಲ್ಲಿ ಬೆಂಕಿಪೆಟ್ಟಿಗೆ ಮತ್ತು ಬೀಡಿಕಟ್ಟು ಎರಡೂ ಬಚ್ಚಲಮನೆಗೆ ವಾಸ ಬದಲಿಸುತ್ತಿದ್ದವು. ಹೊನ್ನಾವರದಿಂದ ಗೇರುಸೊಪ್ಪೆ ಕಡೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ತಲೆಯ ಮೇಲಿರುವ ಮನೆ. ಭಟ್ಕಳ, ಹೊನ್ನಾವರ, ಕುಮಟೆ ಅಂದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ತಾಲೂಕುಗಳು. ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬೆಲ್ಟಿಗೆ ಬೂಷ್ಟು ಬರುತ್ತದೆ. ಬೀಡಿಯಂತೂ ಒಂದೇ ರಾತ್ರಿಯಲ್ಲಿ ಥಂಡಿ ಹಿಡಿದು, ಕಡ್ಡಿ ಗೀರಿದರೆ ಎಲೆ ಕಪ್ಪಾಗುತ್ತದೆ ಹೊರತು ಹೊತ್ತುವುದಿಲ್ಲ. ಅದಕ್ಕೇ ಅಪ್ಪಯ್ಯ ಬೀಡಿಕಟ್ಟನ್ನು ಬಚ್ಚಲ ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಿದ್ದ. ಬೆಳಿಗ್ಗೆ ಐದೂವರೆಗೆ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಂಡದಲ್ಲೇ ಒಂದು ಬೀಡಿ ಹಚ್ಚಿ, ಸೋಗೆ ಮುರಿದು ಒಲೆಗೆ ತಳ್ಳುತ್ತಾ ಇರುವ ಅಪ್ಪಯ್ಯನ ಬೆನ್ನು ನನಗೆ ಮುಖಕ್ಕಿಂತ ಚೆನ್ನಾಗಿ ನೆನಪಿದೆ.

ಥಂಡಿಯ ವಿಷಯದಲ್ಲಿ ಅವನು ಪಂಡಿತ. ಕರಾವಳಿಯಲ್ಲಿ ಹೆಚ್ಚಿನವರು ಮಾಡುವುದು ಚಾಲಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ನಲವತ್ತು, ನಲವತ್ತೈದು ದಿನ ಬಿಸಿಲಿಗೆ ಹರವಬೇಕು. ಒಂದು ಅಕಾಲದ ಮಳೆ ಬಂದರೆ ಒಳಗೆ ಬೂಷ್ಟು, ದರದಲ್ಲಿ ಕಡಿತ. ಅಪ್ಪಯ್ಯ ಒಂದು ಅಡಿಕೆ ಹೆಕ್ಕಿ ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗಿನ ಗೋಟು ಸಿಪ್ಪೆ ಬಿಟ್ಟು ಗಡಗಡ ಅಂದರೆ ಒಣಗಿದೆ ಅಂತ. ಯಾವ ಮೀಟರೂ ಬೇಕಿರಲಿಲ್ಲ.

2016ರಲ್ಲಿ ಕಂಪನಿ ನನ್ನನ್ನು ಆರು ತಿಂಗಳಿಗೆ ಡಬ್ಲಿನ್ನಿಗೆ ಕಳಿಸಿತು. ಅಲ್ಲಿಯೂ ಮಳೆಯೇ, ಆದರೆ ಸಭ್ಯ ಮಳೆ. ಒಂದು ಶನಿವಾರ ಪೈಪಿನ ಅಂಗಡಿಯ ಗಾಜಿನ ಮುಂದೆ ನಿಂತೆ. ನಮ್ಮ ಕಡೆ ಪೈಪು ಅಂದರೆ ಸಿನಿಮಾದ ಎಸ್ಟೇಟ್ ಮಾಲೀಕರ ಬಾಯಲ್ಲಿ ಮಾತ್ರ ಇರುವ ವಸ್ತು. ಪೈಪು ಸೇದುವವರಿಗೆ ಬಹಳ ಹಿಂದಿನಿಂದ ಇರುವ ಕಿರಿಕಿರಿ ಒಳಗೆ ನೀರು ಕೂಡುವುದು ಅಂತಲೂ, ಅದೇ ಊರಿನ ಚಾರ್ಲ್ಸ್ ಪೀಟರ್ಸನ್ ಎಂಬಾತ ಆ ನೀರು ಬಾಯಿಗೆ ಬರದಂತೆ ಒಳಗೇ ಒಂದು ಗುಂಡಿ ಕೊರೆದು 1890ರಲ್ಲಿ ಪೇಟೆಂಟ್ ಪಡೆದ ಅಂತಲೂ ಗೊತ್ತಾದದ್ದು ಆಮೇಲೆ. ಅವತ್ತು ಬೆಲೆ ನೋಡಿ ಹೊರಗೆ ಬಂದೆ. ಹಳೇ ಸಾಮಾನಿನ ಸಂತೆಯೊಂದರಲ್ಲಿ ಹೆಸರಿಲ್ಲದ ಬ್ರಯರ್ ಪೈಪೊಂದನ್ನು ಇಪ್ಪತ್ತು ಯೂರೋಗೆ ಕೊಂಡೆ, ಜೊತೆಗೆ ಎರಡು ಡಬ್ಬಿ ತಂಬಾಕು. ಡಾಲರ್, ಯೂರೋ ಎಣಿಸುವ ಮಕ್ಕಳ ಜಿಪುಣತನ ಅಪ್ಪಂದಿರ ವಿಷಯದಲ್ಲೇ ಯಾಕೆ ಜಾಗೃತವಾಗುತ್ತದೋ!

ಕೊಂಡದ್ದಕ್ಕೆ ಕಾರಣವಿತ್ತು. ಅಪ್ಪಯ್ಯ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದ. ರಾತ್ರಿ ಕೆಮ್ಮಿನ ಸದ್ದು ಫೋನಿನಲ್ಲೂ ಕೇಳುತ್ತಿತ್ತು. ಪೈಪು ಸೇದುವವರು ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತಾರೆ, ಹಾಗಾಗಿ ಬೀಡಿಗಿಂತ ವಾಸಿ ಅಂತ ಎಲ್ಲೋ ಓದಿದ್ದೆ. ಅರ್ಧ ಓದಿದ್ದೆ. ಬೀಡಿ ಬಿಟ್ಟು ಪೈಪಿಗೆ ಬಂದವರು ಹಳೇ ಅಭ್ಯಾಸದಂತೆ ಅದನ್ನೂ ಎದೆತುಂಬ ಎಳೆಯುತ್ತಾರೆ ಅನ್ನುವ ಉಳಿದರ್ಧ ಓದಿರಲಿಲ್ಲ.

ಜಗುಲಿಯಲ್ಲಿ ಕೂತು ಅಪ್ಪಯ್ಯ ಮೊದಲ ಸಲ ಪೈಪು ಹಚ್ಚಿದಾಗ ಆಯಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ನಕ್ಕಳು. ಐದು ನಿಮಿಷಕ್ಕೆ ಪೈಪಿನೊಳಗಿಂದ ಗುಳುಗುಳು ಸದ್ದು ಶುರುವಾಯಿತು. ಅಪ್ಪಯ್ಯ ಪೈಪನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ, ಥೇಟ್ ಅಡಿಕೆಯ ಹಾಗೆ.

“ತಮಾ, ಇದ್ರ ಹೊಟ್ಟೆಲಿ ನೀರಿದ್ದಲೋ!”

ಕಾರಣ ಸುಲಭದ್ದೇ. ಡಬ್ಬಿಯ ತಂಬಾಕು ಬರುವುದೇ ಹಸಿಹಸಿಯಾಗಿ. ಅದು ಉರಿಯುವಾಗ ಒಳಗಿನ ತೇವ ಆವಿಯಾಗುತ್ತದೆ, ಸುಡುವುದರಿಂದಲೇ ಇನ್ನಷ್ಟು ನೀರಾವಿ ಹುಟ್ಟುತ್ತದೆ. ಆ ಬಿಸಿ ಹೊಗೆ ತಣ್ಣಗಿನ ಕೊಳವೆಗೆ ಬಂದ ಕೂಡಲೇ ಹನಿ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆಗುವುದೂ ಇದೇ. ಜೋರಾಗಿ ಎಳೆದಷ್ಟೂ ಬೆಂಕಿ ಬಿಸಿ, ನೀರು ಜಾಸ್ತಿ. ಥಂಡಿ ಬೀಡಿ ಆರಿಹೋಗದಂತೆ ಬುಸುಬುಸು ಎಳೆದೇ ನಲವತ್ತು ವರ್ಷ ಕಳೆದ ಮನುಷ್ಯನಿಗೆ ನಿಧಾನ ಎಳೆ ಅಂತ ನಾನು ವಾಟ್ಸಾಪಿನಲ್ಲಿ ಪಾಠ ಮಾಡುತ್ತಿದ್ದೆ.

ಬೆಂಗಳೂರಿನಿಂದಲೇ ಡೀಬಗ್ಗಿಂಗ್ ನಡೆಯಿತು. ತಂಬಾಕನ್ನು ತುಂಬುವ ಮೊದಲು ಪೇಪರಿನ ಮೇಲೆ ಹರವಿ ಆರಿಸು. ಒತ್ತಿ ತುಂಬಬೇಡ. ಬಿಸಿಯಿರುವಾಗ ಕೊಳವೆ ಕೀಳಬೇಡ, ಸಡಿಲಾಗುತ್ತದೆ. ಒಮ್ಮೆ ಸೇದಿದ ಮೇಲೆ ಒಂದು ದಿನ ಪೈಪಿಗೆ ರಜೆ ಕೊಡು. ಸೇದುವಾಗ ನಡುವೆ ಒಂದು ಕಡ್ಡಿ ತೂರಿಸಿ ನೀರು ಹೀರಿಸು. ಇದಕ್ಕೆಂದೇ ಹತ್ತಿ ಸುತ್ತಿದ ತಂತಿಗಳು ಸಿಗುತ್ತವೆ, ಹೊನ್ನಾವರದ ಪೇಟೆಯಲ್ಲಿ ಎಲ್ಲಿಂದ ತರುವುದು? ಅಪ್ಪಯ್ಯ ತೆಂಗಿನ ಹಿಡಿಕಡ್ಡಿಗೆ ಆಯಿಯ ದೇವರ ದೀಪದ ಹತ್ತಿಬತ್ತಿ ಸುತ್ತಿ ತಾನೇ ಮಾಡಿಕೊಂಡ. ಬತ್ತಿ ಡಬ್ಬಿ ಖಾಲಿಯಾಗುತ್ತಿರುವುದು ತಿಳಿದ ದಿನ ಮನೆಯಲ್ಲಿ ನಡೆದದ್ದನ್ನು ಬರೆದರೆ ಆಯಿ ನನಗೆ ಊಟ ಹಾಕಲಿಕ್ಕಿಲ್ಲ.

ಬೇಸಿಗೆಯಲ್ಲಿ ಪೈಪು ಸುಮಾರಾಗಿ ನಡೆಯಿತು. 2017ರ ಮಳೆಗಾಲ ಹಿಡಿಯಿತು ನೋಡಿ, ಎಲ್ಲ ಕೆಟ್ಟಿತು. ಬ್ರಯರ್ ಅಂದರೆ ಮೆಡಿಟರೇನಿಯನ್ ತೀರದ ಒಂದು ಪೊದೆ ಗಿಡದ ಬುಡದ ಗಂಟು. ಒಣ ನೆಲದಲ್ಲಿ ಬೆಳೆಯುವಂಥದ್ದು. ಅದನ್ನು ಅಗೆದು, ಗಂಟೆಗಟ್ಟಲೆ ಬೇಯಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೇ ಪೈಪು ಕೊರೆಯುತ್ತಾರೆ. ಸೇದಿದ ತೇವವನ್ನು ಮರ ಸ್ವಲ್ಪ ಹೀರಿ, ಮರುದಿನದೊಳಗೆ ಗಾಳಿಗೆ ಬಿಟ್ಟುಕೊಡಬೇಕು. ಗಾಳಿಯೇ ಒದ್ದೆಬಟ್ಟೆಯ ಹಾಗಿದ್ದರೆ ಯಾರಿಗೆ ಬಿಟ್ಟುಕೊಡುವುದು? ಒಂದು ದಿನದ ರಜೆ ಸಾಲಲಿಲ್ಲ, ನಾಲ್ಕು ದಿನವೂ ಸಾಲಲಿಲ್ಲ. ಪೈಪು ಹುಳಿವಾಸನೆ ಹೊಡೆಯಲು ಶುರುವಾಯಿತು. ಆಟಿ ಹೊತ್ತಿಗೆ ಬಟ್ಟಲಿನೊಳಗೆ ಬಿಳಿ ಬೂಷ್ಟು.

“ಬಿಸಲಿನ ದೇಶದ ಮರ ತಂದು ನಮ್ಮ ಮಳೆಗೆ ಹಾಕಿದ್ಯಲೋ. ಚಾಲಿ ಆದ್ರೂ ಒಣಗ್ತು, ಇದು ಒಣಗ್ತಿಲ್ಲೆ” ಅಂದ. ಆದರೂ ಬಿಡಲಿಲ್ಲ. ಪೈಪನ್ನೂ ಬಚ್ಚಲ ಒಲೆಯ ಗೂಡಿಗೆ ಏರಿಸಿದ, ಬೀಡಿಕಟ್ಟಿನ ಪಕ್ಕಕ್ಕೆ. ಮಗ ಪರದೇಶದಿಂದ ತಂದದ್ದು. ಡಬ್ಬಿ ಮುಗಿದಾಗ ಬಸ್ಸು ಹತ್ತಿ ಭಟ್ಕಳಕ್ಕೆ ಹೋಗಿ ಬಂದನಂತೆ. ಅಲ್ಲಿಯ ಫಾರಿನ್ ಸಾಮಾನಿನ ಅಂಗಡಿಗಳಲ್ಲಿ ಸಿಗದ್ದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಸೆಂಟು, ಕಂಬಳಿ, ಖರ್ಜೂರ ಸಿಕ್ಕಿತು, ಪೈಪಿನ ತಂಬಾಕು ಸಿಗಲಿಲ್ಲ. ಖರ್ಜೂರ ತಂದ. ಆಮೇಲೆ ಬೀಡಿ ಬಿಚ್ಚಿ ಅದರ ಪುಡಿಯನ್ನೇ ಪೈಪಿಗೆ ತುಂಬಿ ಸೇದುತ್ತಿದ್ದ ಅನ್ನುವುದು ನನಗೆ ಗೊತ್ತಾದದ್ದು ಕುಮಟೆಯಲ್ಲಿ, ಡಾಕ್ಟರ ಮುಂದೆ.

ಅದು 2019. ತೋಟದಿಂದ ಮನೆಗೆ ಹತ್ತುವ ಮೂವತ್ತು ಮೆಟ್ಟಿಲಿಗೆ ಮೂರು ಸಲ ಕೂರುತ್ತಾನೆ ಅಂತ ಆಯಿ ಫೋನ್ ಮಾಡಿದ್ದಳು. ಡಾಕ್ಟರು ಎಕ್ಸರೇ ನೋಡಿ, ಕೊಳವೆಯೊಂದಕ್ಕೆ ಜೋರಾಗಿ ಊದಿಸಿ, ಸಿಒಪಿಡಿ ಅಂತ ಬರೆದರು. ಎಷ್ಟು ವರ್ಷದಿಂದ ಬೀಡಿ ಅಂತ ಕೇಳಿದರು. ಅಪ್ಪಯ್ಯ ಲೆಕ್ಕ ಹೇಳಿ, ಕೊನೆಗೆ ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದ: “ಈಗ ಎರಡು ವರ್ಷದಿಂದ ಹೆಚ್ಚು ಪೈಪು. ಬೀಡಿಗಿಂತ ಅದು ಅಡ್ಡಿಲ್ಲ ಅಂತ ನಮ್ಮ ಮಾಣಿ ಹೇಳಿದ್ದ.”

ಡಾಕ್ಟರು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ನಲವತ್ತು ವರ್ಷದ ಬೀಡಿ ಮಾಡಿದ್ದರಲ್ಲಿ ನಿನ್ನ ಎರಡು ವರ್ಷದ ಪೈಪಿನದ್ದೇನು ಅಂತ ಹೆಂಡತಿ ಸಮಾಧಾನ ಹೇಳುತ್ತಾಳೆ. ಲೆಕ್ಕ ಸರಿಯೇ. ಆದರೆ ಬಿಡು ಅಂತ ಹೇಳುವ ಸಲುಗೆ ನನ್ನೊಬ್ಬನಿಗೇ ಇತ್ತು, ಆಗ ನಾನು ಹೇಳಿದ್ದು ಬೇರೆ. ಕುಮಟೆಯಿಂದ ಬಂದ ದಿನವೇ ಅಪ್ಪಯ್ಯ ಎರಡನ್ನೂ ಬಿಟ್ಟ. ಅಷ್ಟು ಸುಲಭಕ್ಕೆ ಬಿಟ್ಟ ಅನ್ನುವುದೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಈಗ ನಡುಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆ. ಮಿಷನ್ನಿಗೆ ಸಣ್ಣ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿದ್ದಾರೆ. ಮೂಗು ಒಣಗದಿರಲಿ ಅಂತ ಗಾಳಿಯನ್ನು ಅದರ ನೀರಿನ ಮೂಲಕ ಹಾಯಿಸುತ್ತದೆ. ಮೊದಲ ದಿನ ಸ್ವಿಚ್ ಹಾಕಿದಾಗ ಗುಳುಗುಳು ಅಂತ ಶುರುವಾಯಿತು. ಅಪ್ಪಯ್ಯ ಮೂಗಿನ ನಳಿಗೆ ಸರಿಮಾಡಿಕೊಳ್ಳುತ್ತಾ ನನ್ನ ಕಡೆ ನೋಡಿ ನಕ್ಕ. “ಇದ್ಕೂ ಬತ್ತಿ ಹಾಕವಾ?”

ಆಕ್ಸಿಜನ್ ಹತ್ತಿರ ಬೆಂಕಿ ಕೂಡದು. ಹಾಗಾಗಿ ಬಚ್ಚಲ ಒಲೆ ಮುಂದೆ ಅವನು ಕೂರುವಂತಿಲ್ಲ. ಮಳೆಗಾಲದ ಬೆಳಿಗ್ಗೆ ಐದೂವರೆಗೆ ಎದ್ದು ಕಂಬಳಿ ಹೊದ್ದು ನಡುಮನೆಯ ಕುರ್ಚಿಯಲ್ಲೇ ಇರುತ್ತಾನೆ, ಒಲೆ ಹಚ್ಚುವುದು ಆಯಿ. ಪೈಪು ಇನ್ನೂ ಅದೇ ಗೂಡಿನಲ್ಲಿದೆ. ಕಳೆದ ಸಲ ಹೋದಾಗ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದೆ. ಒಣಗಿತ್ತು. ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು, ಬಾಟಲಿಯ ಸದ್ದು ನಿಂತ ಕೂಡಲೇ ಮೂವರಿಗೂ ಎಚ್ಚರವಾಯಿತು. ನಾನು ಟಾರ್ಚು ಹುಡುಕುತ್ತಾ ಸಿಲಿಂಡರಿನ ಕಡೆ ಓಡಿದೆ.