ರೈಟರ ಪುಸ್ತಕದಲ್ಲಿ ಇಲ್ಲದ ಹೆಸರು

ನಾನು ಬರೆಯುವವಳು ಎಂದಾಗ ಆ ಹೆಂಗಸು ನಕ್ಕುಬಿಟ್ಟಳು. “ನಮ್ಮ ತೋಟದಲ್ಲೂ ಒಬ್ಬರು ರೈಟ್ರು ಇದ್ದಾರಕ್ಕಾ. ನೀವೂ ಚೆಕ್‌ರೋಲ್ ಬರೀತೀರಾ?” ಎಂದಳು. ನಮ್ಮ ಕಾಫಿ ಸೀಮೆಯಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತರು. ಕತೆ, ಲೇಖನ ಬರೆಯುವ ನನ್ನಂಥವರ ಗೊಡವೆ ಅಲ್ಲಿ ಯಾರಿಗೂ ಇಲ್ಲ.

2019ರ ಡಿಸೆಂಬರ್ ತಿಂಗಳು. ಕಳಸದ ಕಡೆಯ ಒಂದು ತೋಟ. ಮಹಿಳಾ ಕಾರ್ಮಿಕರ ಹಕ್ಕುಗಳ ಬಗ್ಗೆ ನಾಲ್ಕು ಮಾತಾಡಲು ಲೈನ್ ಮನೆಗಳಿಗೆ ಹೋಗಿದ್ದೆ. ಅರೇಬಿಕಾ ಕೊಯ್ಲು ಜೋರಾಗಿತ್ತು. ಏಳು ತಿಂಗಳ ಬಸುರಿಯಾದ ಆಕೆ ಆ ದಿನವೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೊಯ್ದು ಬಂದಿದ್ದಳು. ವರ್ಷಪೂರ್ತಿ ಅದೇ ತೋಟದಲ್ಲಿ ದುಡಿದವಳು.

“ಹಾಗಾದರೆ ನಿನಗೆ ಹೆರಿಗೆ ರಜೆ, ಅದಕ್ಕೆ ಸಂಬಳ ಎರಡೂ ಸಿಗಬೇಕು” ಎಂದೆ, ಬಹಳ ಧೈರ್ಯದಿಂದ. 1961ರ ಹೆರಿಗೆ ಸೌಲಭ್ಯ ಕಾಯ್ದೆ ತೋಟಗಳಿಗೂ ಅನ್ವಯವಾಗುತ್ತಿತ್ತು. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. 12 ವಾರವಿದ್ದ ರಜೆ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರವಾಗಿತ್ತು.

ರೈಟರ ಹತ್ತಿರ ಹೋದೆವು. ಒಳ್ಳೆಯ ಮನುಷ್ಯ. ಕುರ್ಚಿ ಹಾಕಿ, ಕಾಫಿ ತರಿಸಿ, ಪುಸ್ತಕ ತೆರೆದು ತೋರಿಸಿದರು. ಅದರಲ್ಲಿ ಆಕೆಯ ಹೆಸರೇ ಇರಲಿಲ್ಲ! ಗಂಡ ಹೆಂಡತಿ ಕೊಯ್ದ ಹಣ್ಣನ್ನು ಒಟ್ಟಿಗೆ ತೂಗಿ ಗಂಡನ ಹೆಸರಿಗೆ ಕೆ.ಜಿ. ಲೆಕ್ಕ ಬರೆಯುತ್ತಿದ್ದರು. “ಒಂದು ಸಂಸಾರಕ್ಕೆ ಒಂದು ಹೆಸರು ಸಾಕಲ್ವಾ ಮೇಡಂ? ದುಡ್ಡು ಹೋಗೋದು ಒಂದೇ ಮನೆಗೆ ತಾನೆ?” ಎಂದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ನನಗೆ ತಟ್ಟನೆ ಉತ್ತರವೂ ಹೊಳೆಯಲಿಲ್ಲ.

ಒಂದು ಹೆಸರು ಬಿಟ್ಟುಹೋದರೆ ಏನೇನು ಹೋಗುತ್ತದೆ ನೋಡಿ. 80 ದಿನ ದುಡಿದದ್ದಕ್ಕೆ ಸಾಕ್ಷಿ ಹೋಯಿತು. ಶಿಶುಪಾಲನಾ ಕೊಠಡಿಯೂ ಹೋಗಬಹುದು. ಏಕೆಂದರೆ 50 ಅಥವಾ ಹೆಚ್ಚು ಹೆಂಗಸರು ದುಡಿಯುವಲ್ಲಿ, ಇಲ್ಲವೇ ಅವರ ಮಕ್ಕಳು 20 ಇರುವಲ್ಲಿ, ಕೂಸುಗಳಿಗೆ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಹೆಂಗಸರ ಹೆಸರೇ ಇಲ್ಲದ ಪುಸ್ತಕದಲ್ಲಿ 50 ಎಣಿಸುವುದು ಹೇಗೆ? 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. 80 ದಿನ, 26 ವಾರದ ಲೆಕ್ಕ ಅವುಗಳಲ್ಲೂ ಹಾಗೇ ಇದೆ.

ಅರ್ಜಿ ಬರೆದುಕೊಟ್ಟೆ, ಎರಡು ಮೂರು ಸಲ ಓಡಾಡಿದೆ. ಮುಂದಿನ ಕೊಯ್ಲಿನಿಂದ ಹೆಂಗಸರ ಹೆಸರು ಬೇರೆಯಾಗಿ ಬರೆಯಲು ಒಪ್ಪಿದರು. ಆದರೆ ಆಕೆಯ ಆ ಹೆರಿಗೆಗೆ ಒಂದು ರೂಪಾಯಿಯೂ ಸಿಗಲಿಲ್ಲ.

ಈಗ ನನ್ನ ಮನೆಯ ಮಾತು. ಮೂಡಿಗೆರೆಯ ಬಳಿ ನಮ್ಮದೂ ಮೂರು ಎಕರೆ ತೋಟವಿದೆ. ಇಷ್ಟು ಸಣ್ಣ ತೋಟಕ್ಕೆ ಆ 1951ರ ಕಾಯ್ದೆ ತಾಗುತ್ತಲೇ ಇರಲಿಲ್ಲ. ಕಳಸದಿಂದ ಮರಳಿದ ರಾತ್ರಿ ನಮ್ಮ ಕೂಲಿ ಲೆಕ್ಕದ ನೋಟ್‌ಬುಕ್ ತೆಗೆದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಗಂಡ ಹೆಂಡತಿಯ ಲೆಕ್ಕದಲ್ಲಿ ಗಂಡನ ಹೆಸರು, ಅದರ ಮುಂದೆ ‘ಇಬ್ಬರು’ ಎಂದಿತ್ತು. ಅಕ್ಷರ ನನ್ನದೇ.

ಮರುದಿನ ಆಕೆಯನ್ನು ಕರೆದು “ನಿನ್ನ ಹೆಸರೇನಮ್ಮಾ?” ಎಂದು ಕೇಳಬೇಕಾಯಿತು. ಆರು ವರ್ಷಗಳಿಂದ ನಮ್ಮಲ್ಲಿ ದುಡಿಯುತ್ತಿದ್ದವಳು! ಶನಿವಾರ ಇಬ್ಬರನ್ನೂ ಬೇರೆ ಬೇರೆ ಕರೆದು ಕೂಲಿ ಕೊಟ್ಟೆ. ಆಕೆ ಎರಡು ಸಲ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಡ ನನ್ನ ಕಡೆ ತಿರುಗಿಯೂ ನೋಡದೆ ಗೇಟು ದಾಟಿದ.