ಊರಿನ ಸಾಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹುಟ್ಟಿದವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ನೆಟ್ಟ ತೆಂಗಿನ ಸಸಿ ಫಲ ಕೊಡಬೇಕಾದರೆ ಆರೇಳು ವರ್ಷಗಳು ಬೇಕು. ಕೆಡವಿದ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಮೇಲೆಯೇ ಉಂಡೆಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ತಾತ ನೆಟ್ಟ ಮರದ ಫಲವನ್ನು ಮೊಮ್ಮಗ ಉಣ್ಣುವುದು ಇಲ್ಲಿ ನಿತ್ಯದ ಸಂಗತಿ. ನಾನು ಹುಟ್ಟಿ ಬೆಳೆದ ಹಾಲ್ಕುರಿಕೆಯಲ್ಲಿಯೂ ಬಾಳು ಹೀಗೆಯೇ ಸಾಗುತ್ತಿತ್ತು. ಮುಂದೆ ನಾನು ಲೆಕ್ಕ ಪರಿಶೋಧಕನಾಗಿ ಹಲವು ಪುರಸಭೆಗಳ ಕಡತಗಳನ್ನು ನೋಡುವ ಕೆಲಸಕ್ಕೆ ಸೇರಿದಾಗ ಅಲ್ಲಿಯ ಒಂದು ದೊಡ್ಡ ಪ್ರಶ್ನೆ ನನಗೆ ಹೊಸದೆನಿಸಲಿಲ್ಲ. ಇಂದು ಖರ್ಚು ಮಾಡಿ ಬಹುಕಾಲ ಫಲ ಪಡೆಯುವ ಕೆಲಸಕ್ಕೆ ಹಣವನ್ನು ಯಾರು ಕೊಡಬೇಕು? ಯಾವಾಗ ಕೊಡಬೇಕು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಹಿರಿಯರ ಮಾತು. ನನ್ನ ತಂದೆಯವರೂ ಆ ಮಾತನ್ನು ನಂಬಿದವರೇ. ಆದರೆ ಅವರು ಒಂದು ಭೇದವನ್ನು ಮಾಡುತ್ತಿದ್ದರು. “ಮದುವೆಯ ಊಟಕ್ಕೆ ಮಾಡಿದ ಸಾಲ ಎಲೆ ಎತ್ತುವ ಹೊತ್ತಿಗೆ ಮುಗಿದುಹೋಗುತ್ತದೆ, ಬಡ್ಡಿ ಮಾತ್ರ ಉಳಿಯುತ್ತದೆ. ಬಾವಿ ತೋಡಿಸಲು ಮಾಡಿದ ಸಾಲವನ್ನು ಬಾವಿಯೇ ತೀರಿಸುತ್ತದೆ” ಎಂದು ಅವರು ಹೇಳುತ್ತಿದ್ದರು. ಸಾರ್ವಜನಿಕ ಹಣಕಾಸಿನ ವಿಷಯದಲ್ಲಿ ನಾನು ಮುಂದೆ ಓದಿದ ದೊಡ್ಡ ಗ್ರಂಥಗಳ ಸಾರವೂ ಬಹುಮಟ್ಟಿಗೆ ಇದೇ ಆಗಿತ್ತು.

ಒಂದು ಪುರಸಭೆಯನ್ನು ಊಹಿಸಿಕೊಳ್ಳಿ. ಅಲ್ಲಿ ಐದು ಸಾವಿರ ಮನೆಗಳಿವೆ, ಕುಡಿಯುವ ನೀರಿಲ್ಲ. ನೀರಿನ ತೊಟ್ಟಿಗೂ ಕೊಳವೆಗಳಿಗೂ ಒಂದು ಕೋಟಿ ರೂಪಾಯಿ ಬೇಕು. ಆ ಹಣವನ್ನು ಒಂದೇ ವರ್ಷದ ತೆರಿಗೆಯಿಂದ ಎತ್ತುವುದಾದರೆ ಮನೆಯೊಂದಕ್ಕೆ ಎರಡು ಸಾವಿರ ರೂಪಾಯಿ ಬೀಳುತ್ತದೆ. ಬಡವರು ಅದನ್ನು ಕೊಡಲಾರರು. ಸ್ವಲ್ಪ ಸ್ವಲ್ಪವಾಗಿ ಕೂಡಿಡೋಣವೆಂದರೆ ಹತ್ತು ವರ್ಷ ನೀರಿಲ್ಲದೆ ಇರಬೇಕು, ಅಷ್ಟರಲ್ಲಿ ಕೊಳವೆಯ ಬೆಲೆಯೂ ಏರಿರುತ್ತದೆ. ಪುರಸಭೆಯು ಶೇಕಡ 8ರ ಬಡ್ಡಿಗೆ ಹತ್ತು ವರ್ಷದ ಅವಧಿಗೆ ಸಾಲ ಪಡೆದರೆ ವರ್ಷಕ್ಕೆ 8 ಲಕ್ಷ ರೂಪಾಯಿ ಬಡ್ಡಿ ಕಟ್ಟಬೇಕು. ಅಸಲನ್ನು ತೀರಿಸಲು ವರ್ಷ ವರ್ಷವೂ ಸುಮಾರು 7 ಲಕ್ಷ 60 ಸಾವಿರ ರೂಪಾಯಿಗಳನ್ನು ಬೇರೆಯಾಗಿ ತೆಗೆದಿಟ್ಟು ಶೇಕಡ 6ರ ಬಡ್ಡಿಯಲ್ಲಿ ಬೆಳೆಸಿದರೆ ಹತ್ತನೆಯ ವರ್ಷದ ಕೊನೆಗೆ ಅದು ಒಂದು ಕೋಟಿಯಾಗುತ್ತದೆ. ಎರಡನ್ನೂ ಕೂಡಿಸಿ ಐದು ಸಾವಿರ ಮನೆಗಳಿಗೆ ಹಂಚಿದರೆ ತಿಂಗಳಿಗೆ ಮನೆಯೊಂದಕ್ಕೆ 26 ರೂಪಾಯಿ ಬರುತ್ತದೆ. ನೀರು ಮೊದಲ ವರ್ಷವೇ ಬರುತ್ತದೆ. ಅದನ್ನು ಕುಡಿಯುವವರೇ ಅದರ ಬೆಲೆಯನ್ನು ಕೊಡುತ್ತಾರೆ. ಚಕ್ರಬಡ್ಡಿಯ ಸೂತ್ರವನ್ನು ಬಲ್ಲ ನೀವು ಈ ಲೆಕ್ಕವನ್ನು ಮಾಡಿ ನೋಡಬಹುದು.

ಇಂಥ ಸಾಲವನ್ನು ಬ್ಯಾಂಕಿನಿಂದಲೇ ಪಡೆಯಬೇಕೆಂದಿಲ್ಲ. ನಗರಾಡಳಿತವು ಸಾಲಪತ್ರಗಳನ್ನು ಹೊರಡಿಸಿ, ಹಣವುಳ್ಳ ಸಂಸ್ಥೆಗಳಿಗೂ ಜನರಿಗೂ ಮಾರಬಹುದು. ಇವುಗಳನ್ನೇ ಬಾಂಡುಗಳೆಂದು ಕರೆಯುತ್ತಾರೆ. ಕೊಂಡವನಿಗೆ ಗೊತ್ತಾದ ಕಾಲಕ್ಕೆ ಬಡ್ಡಿಯೂ ಅವಧಿಯ ಕೊನೆಗೆ ಅಸಲೂ ಸಲ್ಲಬೇಕು. ನಮ್ಮ ದೇಶದಲ್ಲಿ ಈಚಿನ ಕಾಲದ ಇಂಥ ಮೊದಲ ಪ್ರಯತ್ನವು ನಡೆದುದು ಕರ್ನಾಟಕದಲ್ಲಿಯೇ ಎಂಬುದು ನಾವು ನೆನೆಯತಕ್ಕ ಸಂಗತಿ. 1997ರಲ್ಲಿ ಅಂದಿನ ಬೆಂಗಳೂರು ಮಹಾನಗರಪಾಲಿಕೆಯು ರಸ್ತೆ, ಚರಂಡಿಗಳ ಕೆಲಸಕ್ಕಾಗಿ 125 ಕೋಟಿ ರೂಪಾಯಿಗಳ ಬಾಂಡುಗಳನ್ನು ಹೊರಡಿಸಿತು. ಅದಕ್ಕೆ ರಾಜ್ಯ ಸರ್ಕಾರದ ಖಾತರಿಯಿತ್ತು. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಸರ್ಕಾರವು ಜಾಮೀನು ನಿಂತಿತು.

ಮರುವರ್ಷ, 1998ರಲ್ಲಿ, ಅಹಮದಾಬಾದು ನಗರವು ಅಂಥ ಜಾಮೀನಿಲ್ಲದೆ 100 ಕೋಟಿ ರೂಪಾಯಿಗಳ ಬಾಂಡುಗಳನ್ನು ಹೊರಡಿಸಿತು. ಆ ಧೈರ್ಯ ಅದಕ್ಕೆ ಎಲ್ಲಿಂದ ಬಂದಿತು? ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಅದು ತೆರಿಗೆಯ ವಸೂಲಿಯನ್ನು ಬಿಗಿಗೊಳಿಸಿ, ಕೊರತೆಯಲ್ಲಿದ್ದ ತನ್ನ ಲೆಕ್ಕವನ್ನು ಉಳಿತಾಯಕ್ಕೆ ತಂದಿತ್ತು. ನಗರದೊಳಕ್ಕೆ ಬರುವ ಸರಕಿನ ಮೇಲೆ ಆಗ ವಸೂಲಾಗುತ್ತಿದ್ದ ಆಕ್ಟ್ರಾಯ್ ಸುಂಕದ ಒಂದು ಭಾಗವನ್ನು ಸಾಲದ ತೀರುವಳಿಗೆಂದೇ ಮೀಸಲಿಟ್ಟಿತು. ಒಳ್ಳೆಯ ಲೆಕ್ಕವೇ ಅದಕ್ಕೆ ಜಾಮೀನಾಯಿತು.

ಸಣ್ಣ ಊರುಗಳ ಗತಿಯೇನು? ಒಂಟಿಯಾಗಿ ಹೋದರೆ ಅವುಗಳನ್ನು ನಂಬುವವರು ಕಡಮೆ. ಇದಕ್ಕೂ ನಮ್ಮ ರಾಜ್ಯದಲ್ಲಿ ಒಂದು ದಾರಿಯನ್ನು ಹುಡುಕಿದರು. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಪೌರಾಡಳಿತಗಳ ಕುಡಿಯುವ ನೀರಿನ ಯೋಜನೆಗಾಗಿ ಅವೆಲ್ಲವನ್ನೂ ಒಂದು ನಿಧಿಯಲ್ಲಿ ಸೇರಿಸಿ, 100 ಕೋಟಿ ರೂಪಾಯಿಗಳ ಬಾಂಡುಗಳನ್ನು ಹೊರಡಿಸಲಾಯಿತು. ಒಬ್ಬನ ಮಾತಿಗೆ ಸಿಗದ ಸಾಲ ಎಂಟು ಜನರ ಒಟ್ಟು ಮಾತಿಗೆ ಸಿಕ್ಕಿತು.

ಆದರೆ ಸಾಲವು ಎರಡಲಗಿನ ಕತ್ತಿ. ಪ್ರಪಂಚದ ಶ್ರೀಮಂತ ನಗರಗಳಲ್ಲಿ ಒಂದಾದ ನ್ಯೂಯಾರ್ಕು ಹಲವು ವರ್ಷಗಳ ಕಾಲ ಬಾವಿಗಲ್ಲದೆ ಊಟಕ್ಕೂ ಸಾಲ ಮಾಡಿತು. ಎಂದರೆ, ದಿನನಿತ್ಯದ ಖರ್ಚನ್ನೂ ಸಾಲದಿಂದ ನಡೆಸಿತು. 1975ರಲ್ಲಿ ಅದರ ಸಾಲಪತ್ರಗಳನ್ನು ಕೊಳ್ಳುವವರೇ ಇಲ್ಲವಾದರು. ಸಾವಿರಾರು ಪೊಲೀಸರು, ಅಗ್ನಿಶಾಮಕ ದಳದವರು, ಶಾಲೆಗಳ ಉಪಾಧ್ಯಾಯರು ಕೆಲಸ ಕಳೆದುಕೊಂಡರು. ಅಲ್ಲಿಯ ನಗರ ವಿಶ್ವವಿದ್ಯಾನಿಲಯವು ಬಹುಕಾಲದಿಂದ ಉಚಿತವಾಗಿ ನೀಡುತ್ತಿದ್ದ ಶಿಕ್ಷಣಕ್ಕೆ 1976ರಲ್ಲಿ ಶುಲ್ಕವನ್ನು ವಿಧಿಸಬೇಕಾಯಿತು. ಹಿರಿಯರ ತಪ್ಪು ಲೆಕ್ಕಕ್ಕೆ ಬಡ್ಡಿ ಕಟ್ಟಿದವರು ವಿದ್ಯಾರ್ಥಿಗಳು.

ಆದುದರಿಂದಲೇ ಈ ಕೆಲಸಕ್ಕೆ ಬಲ್ಲವರು ಬೇಕು. ಎಷ್ಟು ಕೊಳವೆ ಬೇಕೆಂದು ಇಂಜಿನಿಯರು ಹೇಳಬೇಕು. ಊರಿಗೆ ಎಷ್ಟು ಆದಾಯ ಬರುತ್ತದೆ, ಅದರಲ್ಲಿ ಎಷ್ಟನ್ನು ಸಾಲಕ್ಕೆ ಮೀಸಲಿಡಬಹುದು ಎಂಬುದನ್ನು ಹಣಕಾಸಿನ ಅಧಿಕಾರಿ ಹೇಳಬೇಕು. ಸಾಲದ ಕರಾರನ್ನು ಕಾನೂನು ಬಲ್ಲವರು ಬರೆಯಬೇಕು. 1987ರಲ್ಲಿ ಸ್ಥಾಪನೆಯಾದ ಕ್ರಿಸಿಲ್‌ನಂಥ ಸಂಸ್ಥೆಗಳು ಸಾಲಗಾರನ ಯೋಗ್ಯತೆಯನ್ನು ತೂಗಿ ದರ್ಜೆ ಕೊಡುತ್ತವೆ. ನಗರಗಳ ಬಾಂಡುಗಳಿಗೆಂದೇ ಸೆಬಿಯು 2015ರಲ್ಲಿ ನಿಯಮಗಳನ್ನು ರಚಿಸಿತು. ಇಷ್ಟೆಲ್ಲ ಆದ ಮೇಲೆ, ಹಣವು ಹೇಳಿದ ಕೆಲಸಕ್ಕೇ ಹೋಯಿತೇ ಎಂದು ನೋಡುವವನು ಲೆಕ್ಕ ಪರಿಶೋಧಕ. ಅವನನ್ನು ಕಂಡರೆ ಸಂತೋಷಪಡುವವರು ವಿರಳ.

ನನ್ನ ಅನುಭವದ ಒಂದು ಸಂಗತಿಯನ್ನು ಹೇಳುತ್ತೇನೆ. ಒಂದು ಪುರಸಭೆಯು ಸಾಲದ ಹಣದಿಂದ ನೀರಿನ ಕೊಳವೆಗಳನ್ನು ಹಾಕಿಸಿತ್ತು. ಕಾಗದಗಳೆಲ್ಲ ಸರಿಯಾಗಿದ್ದುವು. ಅಳತೆ ಪುಸ್ತಕದಲ್ಲಿ 1,200 ಮೀಟರು ಎಂದು ಬರೆದಿತ್ತು. ಅಷ್ಟಕ್ಕೇ ಹಣ ಪಾವತಿಯಾಗಿತ್ತು. ಕಚೇರಿಯ ಗುಮಾಸ್ತರು, “ಸಹಿಗಳೆಲ್ಲ ಇವೆಯಲ್ಲ, ಸ್ವಾಮಿ” ಎಂದರು. ಸಹಿಗಳೇನೋ ಇದ್ದುವು. ಆದರೂ ನಾನು ಟೇಪು ಹಿಡಿದು ಇಬ್ಬರು ಆಳುಗಳೊಡನೆ ಬೀದಿಗೆ ಇಳಿದೆ. ಕೊಳವೆಯು 900 ಮೀಟರಿಗೆ ನಿಂತುಹೋಗಿತ್ತು. ಮುಂದಿನ ಬೀದಿಯ ಮನೆಯೊಂದರ ಜಗಲಿಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು ಒಳಗಿನಿಂದ ಒಂದು ಮಡಿಸಿದ ಕಾಗದವನ್ನು ತಂದು ತೋರಿಸಿ, “ಕಂದಾಯ ಕಟ್ಟಿದ್ದೀನಿ ಕಣಪ್ಪ, ರಸೀತಿ ಇಲ್ಲಿದೆ. ನಲ್ಲಿ ಎಲ್ಲಿದೆ?” ಎಂದು ಕೇಳಿದರು.

ನಾನು ಆಕ್ಷೇಪಣೆಯನ್ನು ಬರೆದೆ. ಅದನ್ನು ಬಿಟ್ಟುಬಿಡುವಂತೆ ಹೇಳಿಕಳುಹಿಸಿದವರೂ ಉಂಟು. ನಾನು ಬಿಡಲಿಲ್ಲ. ಉತ್ತರ ಬರಲು ಎರಡು ವರ್ಷಗಳಾದುವು. ಹಣದಲ್ಲಿ ಒಂದಷ್ಟು ವಸೂಲಾಯಿತು. ಉಳಿದ ಕೊಳವೆ ಅದಕ್ಕೂ ತಡವಾಗಿ ಬಂದಿತು. ಅಷ್ಟು ಕಾಲವೂ ಆ ಬೀದಿಯ ಹೆಂಗಸರು ದೂರದಿಂದ ಕೊಡ ಹೊತ್ತು ನೀರು ತಂದರು. ಬಾರದ ಆ ನೀರಿಗೆ ಊರೆಲ್ಲ ಬಡ್ಡಿಯನ್ನು ಮಾತ್ರ ತಪ್ಪದೆ ಕಟ್ಟಿತು. ಲೆಕ್ಕದಲ್ಲಿ ಕಾಣೆಯಾದ ಮುನ್ನೂರು ಮೀಟರು ಎಂದರೆ ಬರಿಯ ಅಂಕಿಯಲ್ಲವೆಂದು ನನಗೆ ಮನವರಿಕೆಯಾದುದು ಆ ಬೀದಿಯಲ್ಲಿ.

ಪೇಟೆಯ ಮಾತು ನಮಗೇಕೆ ಎಂದು ಹಳ್ಳಿಯ ವಿದ್ಯಾರ್ಥಿಗಳು ಕೇಳಬಹುದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ಮತ್ತು 74ನೆಯ ತಿದ್ದುಪಡಿಗಳು ಗ್ರಾಮಪಂಚಾಯಿತಿಗೂ ಪುರಸಭೆಗೂ ಸಂವಿಧಾನದಲ್ಲಿಯೇ ಸ್ಥಾನವನ್ನು ಕೊಟ್ಟಿವೆ. ನಿಮ್ಮ ಪಂಚಾಯಿತಿಗೂ ಆದಾಯವುಂಟು, ಖರ್ಚುಂಟು, ಆಯವ್ಯಯ ಪತ್ರವುಂಟು. ಅದರ ಲೆಕ್ಕವನ್ನು ಊರ ಜನರ ಮುಂದೆ ಇಟ್ಟು ನೋಡುವ ಜಮಾಬಂದಿ ಎಂಬ ಪದ್ಧತಿಯೂ ಉಂಟು. ಹಿರಿಯರೊಡನೆ ಅಲ್ಲಿಗೆ ಹೋಗಿ ಕುಳಿತುಕೊಳ್ಳಿ. ಓದಿದ ಅಂಕಿಗೂ ಕಟ್ಟಿದ ಚರಂಡಿಗೂ ಹೊಂದಿಕೆಯಿದೆಯೇ ಎಂದು ಅಳೆದು ನೋಡಿ.

ನಿಮ್ಮಲ್ಲಿ ಕೆಲವರು ಮುಂದೆ ವಾಣಿಜ್ಯವನ್ನೋ ಅರ್ಥಶಾಸ್ತ್ರವನ್ನೋ ಓದಿ, ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ರಾಜ್ಯದ ಲೆಕ್ಕಪತ್ರ ಇಲಾಖೆಯನ್ನು ಸೇರಬಹುದು. ಕೆಲವರು ಲೆಕ್ಕಿಗರಾಗಿ ನಗರಗಳಿಗೆ ಸಲಹೆ ಕೊಡಬಹುದು. ಈ ವೃತ್ತಿಯಲ್ಲಿ ಹಾರ ತುರಾಯಿಗಳು ಕಡಮೆ. ಚೆನ್ನಾಗಿ ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ; ನಲ್ಲಿಯಲ್ಲಿ ನೀರು ಬರುತ್ತದೆ, ಅಷ್ಟೆ. ಇದಕ್ಕೆ ಬೇಕಾದ ಗಣಿತವನ್ನು ಶಾಲೆ ಕಲಿಸುತ್ತದೆ. ಬೀದಿಗೆ ಇಳಿದು ಅಳೆಯುವ ಮನಸ್ಸನ್ನು ಮಾತ್ರ ನೀವೇ ತರಬೇಕು.